ಅಬು ರಸ್ಮಿ ಕೆಳಗಿಟ್ಟ ಬಟ್ಟಲು

ಸಲ್ತ್ ಊರಿನಲ್ಲಿ ಅತಿಥಿಯೊಬ್ಬ ಕೊಟ್ಟ ಕಾಫಿಯನ್ನು ಕುಡಿಯದೆ ಬಟ್ಟಲನ್ನು ಮುಂದಿಟ್ಟುಕೊಂಡು ಕೂತನೆಂದರೆ ಅದಕ್ಕಿರುವುದು ಒಂದೇ ಅರ್ಥ. ಅವನು ಏನೋ ಕೇಳಲು ಬಂದಿದ್ದಾನೆ. ಹೆಣ್ಣು ಕೇಳಲು ಬಂದವರು ಹೀಗೆ ಇಡುತ್ತಾರೆ, ಜಮೀನಿನ ತಗಾದೆ ಬಿಡಿಸಲು ಬಂದವರು ಹೀಗೆ ಇಡುತ್ತಾರೆ, ಕೊಲೆಯಾದ ಮನೆಗೆ ಕ್ಷಮೆ ಕೇಳಲು ಹೋದವರೂ ಹೀಗೇ ಇಡುತ್ತಾರೆ. ಮನೆಯ ಯಜಮಾನ "ಕಾಫಿ ಕುಡೀರಿ, ಬಂದ ಕೆಲಸ ಆಯ್ತು" ಎಂದ ಮೇಲೆಯೇ ಬಟ್ಟಲು ತುಟಿಗೆ ಹೋಗುವುದು. ಹಾಗೆ ಅಂದರೂ ಅತಿಥಿ ಕುಡಿಯದೆ ಎದ್ದು ನಡೆದರೆ ಆ ಮನೆಯ ಮಾನ ಮೆಟ್ಟಿಲಿಳಿದು ಪೇಟೆಗೆ ಹೋಯಿತೆಂದೇ ತಿಳಿಯಬೇಕು.

ಇದು ಹಾಲುಹಲ್ಲು ಬೀಳದ ಮಕ್ಕಳಿಗೂ ಗೊತ್ತು. ಅಬು ರಸ್ಮಿಯವರಿಗೂ ಗೊತ್ತಿತ್ತು. ಎಪ್ಪತ್ತೊಂದು ವರ್ಷಗಳಲ್ಲಿ ಅವರು ಎಷ್ಟೋ ನಿಯೋಗಗಳ ಜೊತೆ ಹೋಗಿ ಕೂತಿದ್ದರು. ಕೂತದ್ದು ಯಾವಾಗಲೂ ಕೊನೆಯ ಸಾಲಿನಲ್ಲಿ, ಬೂಟುಗಳ ಪಕ್ಕದಲ್ಲಿ, ಆ ಮಾತು ಬೇರೆ. ಗೊತ್ತಿರುವುದಕ್ಕೂ ಬೇಕಾದ ಹೊತ್ತಿಗೆ ನೆನಪಾಗುವುದಕ್ಕೂ ನಡುವೆ ಎಂಥ ಕಂದಕವಿದೆ ಎಂಬುದೇ ಈ ಕಥೆ.

ಅಬು ರಸ್ಮಿ ಮೂವತ್ತನಾಲ್ಕು ವರ್ಷ ಊರಿನ ಮನೆಮನೆ ಹತ್ತಿ ನೀರಿನ ಮೀಟರು ಓದಿದವರು. ಸಲ್ತ್ ಗುಡ್ಡಕ್ಕೆ ಅಂಟಿಕೊಂಡ ಊರಾದ್ದರಿಂದ ಅವರ ಮಂಡಿ ಸವೆದಿತ್ತು, ಅವರ ಸ್ವಭಾವ ಮಾತ್ರ ಸವೆದಿರಲಿಲ್ಲ. ಅಂದರೆ ಮೊದಲಿನಷ್ಟೇ ಗೊಂದಲದ ಮನುಷ್ಯ. ಹೆಂಡತಿ ವಸ್ಫಿಯಾ ಇದ್ದಷ್ಟು ದಿನ ಆ ಗೊಂದಲವನ್ನೆಲ್ಲ ಆಕೆಯೇ ಬಿಡಿಸುತ್ತಿದ್ದರು. ಎರಡು ವರ್ಷದ ಕೆಳಗೆ ಆಕೆ ತೀರಿಕೊಂಡರು. ಅದರೊಂದಿಗೆ ಇನ್ನೊಂದು ನಷ್ಟವೂ ಆಯಿತು. ಅದಕ್ಕೆ ಯಾರೂ ಬಂದು ಸಾಂತ್ವನ ಹೇಳಲಿಲ್ಲ, ಏಕೆಂದರೆ ಯಾರಿಗೂ ಅದು ನಷ್ಟವೆಂದು ತಿಳಿಯಲೇ ಇಲ್ಲ.

ಅದೇ ಮೆಟ್ಟಿಲುಸಾಲಿನಲ್ಲಿ ಎಪ್ಪತ್ತು ಮೆಟ್ಟಿಲು ಕೆಳಗೆ ಅಬು ಹಾತಿಮ್ ಅವರ ಮನೆ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ. ಮೂವತ್ತೆಂಟು ವರ್ಷ ದಿನವೂ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅವರು ಮೇಲೆ ಹತ್ತಿ ಬರುವುದು, ಇಬ್ಬರೂ ದಾಳ ಉರುಳಿಸಿ ತಾವ್ಲೆ ಆಡುವುದು, ಹೊತ್ತು ಮುಳುಗಿ ಮಗ್ರಿಬ್ ಕೂಗುವ ತನಕ ಒಬ್ಬರನ್ನೊಬ್ಬರು ಮೋಸಗಾರ ಎನ್ನುವುದು. ವಸ್ಫಿಯಾ ಹೋದ ಮೇಲೆ ಅಬು ಹಾತಿಮ್ ಮೂರು ದಿನದ ಶೋಕಕ್ಕೆ ಬಂದರು, ನಲವತ್ತನೆಯ ದಿನಕ್ಕೆ ಬಂದರು, ಆಮೇಲೆ ಬರಲಿಲ್ಲ. ಮಸೀದಿಯಲ್ಲಿ ಸಿಕ್ಕರೆ ಸಲಾಮು, ಮಂಡಿನೋವಿನ ವಿಚಾರಣೆ, ಅಷ್ಟೆ. ಜಗಳವಾಗಿದ್ದರೆ ಹಿರಿಯರು ಕೂಡಿ ರಾಜಿ ಮಾಡಿಸುತ್ತಿದ್ದರು. ಜಗಳವೇ ಇಲ್ಲದ ಕಡೆ ರಾಜಿ ಮಾಡಿಸುವುದು ಹೇಗೆ? ಅಬು ರಸ್ಮಿ ಮಧ್ಯಾಹ್ನಗಳಲ್ಲಿ ಬಲಗೈಯಿಂದ ತಮ್ಮ ಆಟವನ್ನೂ ಎಡಗೈಯಿಂದ ಅಬು ಹಾತಿಮ್ ಆಟವನ್ನೂ ಆಡುತ್ತಿದ್ದರು. ಎಡಗೈ ವಿಪರೀತ ಮೋಸ ಮಾಡುತ್ತಿತ್ತು. ಆದರೂ ಬೇಸರ ಹೋಗುತ್ತಿರಲಿಲ್ಲ.

ಹೀಗಿರುವಾಗ ಡಾಕ್ಟರೊಬ್ಬರು ಅವರ ಎದೆಗೆ ಕಿವಿಗೊಟ್ಟು, "ಹೃದಯ ಕುಣೀತಿದೆ. ಇವತ್ತಿಂದ ಕಾಫಿ ಬಂದ್. ಒಂದು ಗುಟುಕೂ ಬೇಡ" ಎಂದುಬಿಟ್ಟರು. ಅಬು ರಸ್ಮಿ ಹೃದಯದ ವಿಷಯಕ್ಕೆ ಹೆದರಲಿಲ್ಲ. ಕಾಫಿ ಕುಡಿಯಲಾರದ ಗಂಡಸು ಎಂದು ಊರು ಹೇಳಿಬಿಟ್ಟರೆ? ಹಾಜಿ ಮುತ್ಲಕ್ ಎಂಬತ್ತರ ವಯಸ್ಸಿನಲ್ಲೂ ದಿನಕ್ಕೆ ಹದಿನಾಲ್ಕು ಬಟ್ಟಲು ಕುಡಿದು "ರಕ್ತ ಕಪ್ಪಗಿದ್ರೇನೇ ಗಂಡಸು" ಎಂದು ಸಾರುತ್ತಿದ್ದ ಊರು ಅದು. ಆದ್ದರಿಂದ ಅಬು ರಸ್ಮಿ ಡಾಕ್ಟರ ಚೀಟಿಯನ್ನು ಅಕ್ಕಿಡಬ್ಬದ ತಳದಲ್ಲಿ ಹೂತು ಬಾಯಿಗೆ ಬೀಗ ಹಾಕಿಕೊಂಡರು.

ಮರುವಾರವೇ ಅಬು ಹಾತಿಮ್ ಅವರ ಮೊಮ್ಮಗಳು ದೊಡ್ಡ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದುಕೊಂಡು ಪಾಸಾದಳು. ಓಣಿಯ ಗಂಡಸರೆಲ್ಲ ಅಭಿನಂದಿಸಲು ಹೋದರು. ಅಬು ರಸ್ಮಿ ಹೋಗದಿರಲು ಸಾಧ್ಯವೇ? ಹೋದರು. ಅಬು ಹಾತಿಮ್ ಅವರ ಅಳಿಯ ಎಡಗೈಯಲ್ಲಿ ಕಾಫಿಪಾತ್ರೆ, ಬಲಗೈಯಲ್ಲಿ ಬಟ್ಟಲು ಹಿಡಿದು ಬಂದ. ಬೇಡ ಎಂದರೆ "ಯಾಕೆ?" ಎನ್ನುತ್ತಾರೆ. ಯಾಕೆ ಎಂದರೆ ಅಕ್ಕಿಡಬ್ಬದ ಗುಟ್ಟು ಹೊರಬೀಳುತ್ತದೆ. ಕಿಟಕಿಯ ಬಳಿಯ ಹೂಕುಂಡಕ್ಕೆ ಸುರಿಯೋಣವೆಂದರೆ ನಡುವೆ ಹಾಜಿ ಮುತ್ಲಕ್ ಅವರ ವಿಶಾಲವಾದ ದೇಹ. ಸರಿ, ಸದ್ಯಕ್ಕೆ ತಣ್ಣಗಾಗಲಿ, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡು ಅಬು ರಸ್ಮಿ ಬಟ್ಟಲನ್ನು ಮುಂದಿನ ಪುಟ್ಟ ಮೇಜಿನ ಮೇಲೆ ಇಟ್ಟರು. ಇಟ್ಟು, ಕೈ ಕಟ್ಟಿಕೊಂಡು, ಅಂಕಗಳ ಬಗ್ಗೆ ಒಂದೆರಡು ಮಾತಾಡಿದರು.

ಮೊದಲು ಪಕ್ಕದವರು ಸುಮ್ಮನಾದರು, ಆಮೇಲೆ ಎದುರು ಸಾಲು, ಕೊನೆಗೆ ಬಾಗಿಲಾಚೆ ನಗುತ್ತಿದ್ದ ಹೆಂಗಸರೂ ಸುಮ್ಮನಾದರು. ಎಲ್ಲರ ಕಣ್ಣೂ ಬಟ್ಟಲಿನ ಮೇಲೆ. ಅಬು ಹಾತಿಮ್ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಬು ರಸ್ಮಿ, ಕಾಫಿ ಕುಡಿಯಪ್ಪಾ. ನೀನು ಏನು ಕೇಳೋಕೆ ಬಂದಿದ್ದೀಯೋ, ಅದು ಆಯ್ತು ಅಂತ ತಿಳ್ಕೊ."

ಆಗ ಅಬು ರಸ್ಮಿಯವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಕುಡಿಯದ ಕಾಫಿಗೇ ಹೃದಯ ಕುಣಿಯತೊಡಗಿತು.

"ಅಯ್ಯೋ, ಏನೂ ಇಲ್ಲ. ದೇವರಾಣೆ, ನನಗೇನೂ ಬೇಡ."

ಹಾಜಿ ಮುತ್ಲಕ್ ಸಭೆಯತ್ತ ತಿರುಗಿ ತಲೆದೂಗಿದರು. "ನೋಡಿ, ಏನೂ ಬೇಡ ಅನ್ನೋನು ಸಣ್ಣದನ್ನ ಕೇಳಲ್ಲ. ಮಾತಾಡಪ್ಪಾ, ನಾಚ್ಕೋಬೇಡ. ಆಲಿವ್ ಮರದ ಗಡಿ ವಿಷಯನಾ?"

"ನನಗೆ ಆಲಿವ್ ಮರಾನೇ ಇಲ್ಲ ಹಾಜೀ!"

"ಅಂದ್ರೆ ಮರಾನೇ ಕೇಳ್ತಿದಾನೆ" ಎಂದು ಹಿಂದಿನಿಂದ ಯಾರೋ ಅಂದರು.

"ಮರ ಕೊಟ್ಟೆ" ಎಂದರು ಅಬು ಹಾತಿಮ್, ಯೋಚಿಸದೆ.

"ಬೇಡ!"

"ಎರಡು ಮರ ಕೊಟ್ಟೆ. ಕುಡಿ."

"ಬೇಡವೇ ಬೇಡ ಕಣಯ್ಯಾ! ನಾನು... ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ, ಸೀದು ಹೋಗುತ್ತೆ!" ಎಂದು ಅಬು ರಸ್ಮಿ ಎದ್ದರು. ಅವರಿಗೆ ಒಲೆ ಹೊತ್ತಿಸಲೂ ಬಾರದೆಂಬುದು ಇಡೀ ಮೆಟ್ಟಿಲುಸಾಲಿಗೆ ಗೊತ್ತಿದ್ದ ಸಂಗತಿ. ಸಿಕ್ಕಿದ ಬೂಟಿಗೆ ಕಾಲು ತೂರಿಸಿ ಹೊರಬಿದ್ದರು. ಅವು ಹಾಜಿ ಮುತ್ಲಕ್ ಅವರ ಬೂಟು. ಅಬು ರಸ್ಮಿಯವರ ಕಾಲಿಗೆ ಎರಡು ಅಳತೆ ದೊಡ್ಡದಾದ್ದರಿಂದ ಎಪ್ಪತ್ತು ಮೆಟ್ಟಿಲೂ ಟಪ್ ಟಪ್ ಎಂದು ಊರಿಗೆಲ್ಲ ಕೇಳಿಸಿದವು. ಮೇಜಿನ ಮೇಲೆ ಬಟ್ಟಲು ತುಂಬಿದ್ದು ತುಂಬಿದ ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಉಮ್ಮ್ ಜರೀಸ್ ಬಾಗಿಲು ತಟ್ಟಿದರು. ಆಕೆ ಪ್ರತಿ ಭಾನುವಾರ ಇಗರ್ಜಿಯಲ್ಲಿ ಪಾಪನಿವೇದನೆ ಮಾಡುತ್ತಿದ್ದರು. ಸ್ವಂತ ಪಾಪಗಳು ಕಡಿಮೆಯಿದ್ದುದರಿಂದ ಓಣಿಯವರ ಪಾಪಗಳನ್ನೂ ಸೇರಿಸಿಯೇ ಹೇಳುತ್ತಿದ್ದರೆಂದು ಪ್ರತೀತಿ.

"ಅಬು ರಸ್ಮಿ, ನನ್ನ ಹತ್ರ ಮುಚ್ಚಿಡಬೇಡ. ಊರಲ್ಲಿ ಮೂರು ಮಾತಿದೆ. ಮರ ಅನ್ನೋದನ್ನ ನಾನು ನಂಬಲ್ಲ. ಅಬು ಹಾತಿಮ್ ಹೊಲಿಗೆ ಮೆಷಿನ್ ಬೇಕಂತೆ ಅನ್ನೋದನ್ನೂ ನಂಬಲ್ಲ. ಮೂರನೇದು ನಂಬ್ತೀನಿ."

"ಮೂರನೇದು ಯಾವ್ದು?"

"ನಜ್ಮಿಯಾ."

ಅಬು ರಸ್ಮಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ನಜ್ಮಿಯಾ ಅಂದರೆ ಅಬು ಹಾತಿಮ್ ಅವರ ತಂಗಿ, ಮದುವೆಯಾಗದವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮುಖ್ಯೋಪಾಧ್ಯಾಯಿನಿಯಾಗಿ ಆಳಿ ನಿವೃತ್ತರಾದವರು. ಆಕೆ ಪೇಟೆಗೆ ಇಳಿದರೆ ಐವತ್ತು ವರ್ಷದ ಹೆಂಗಸರೂ ಉಗುರು ಬಚ್ಚಿಡುತ್ತಿದ್ದರು.

"ನಾಚ್ಕೊಂಡ್ಯಲ್ಲ! ಕೆಂಪಗಾದ್ಯಲ್ಲ!" ಎಂದು ಉಮ್ಮ್ ಜರೀಸ್ ಶಿಲುಬೆಯ ಗುರುತು ಮಾಡಿಕೊಂಡು, ಸುದ್ದಿ ಆರುವ ಮುಂಚೆ ಹಂಚಲು ಓಡಿದರು. ಅದು ನಾಚಿಕೆಯಲ್ಲ, ಭಯ ಎಂದು ಹೇಳಲು ಅಬು ರಸ್ಮಿ ಬಾಯಿ ತೆರೆಯುವಷ್ಟರಲ್ಲಿ ಆಕೆ ಮೂರು ಮನೆ ಮುಗಿಸಿದ್ದರು.

ಮಧ್ಯಾಹ್ನಕ್ಕೆ ಇರ್ಬಿದ್‌ನಿಂದ ಮಗ ರಸ್ಮಿಯ ಫೋನು ಬಂತು.

"ಅಪ್ಪಾ, ಮದುವೆಯಂತೆ?"

"ಯಾರ್ದೋ?"

"ನಿಂದೇ! ನಜ್ಮಿಯಾ ಅತ್ತೆ ಜೊತೆ. ಅಪ್ಪಾ, ನನಗೇನೂ ಅಭ್ಯಂತರ ಇಲ್ಲ. ಆದ್ರೆ ನನ್ನ ಹೆಂಡ್ತಿ ಅವರ ಶಿಷ್ಯೆ. ಸುದ್ದಿ ಕೇಳ್ದಾಗಿಂದ ನೆಟ್ಟಗೆ ನಿಂತೇ ಇದಾಳೆ. ಕೂತ್ಕೊ ಅಂದ್ರೂ ಕೂತ್ಕೋತಿಲ್ಲ."

ಸಂಜೆಯ ಹೊತ್ತಿಗೆ ಸಾಕ್ಷಾತ್ ನಜ್ಮಿಯಾ ಅವರೇ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ಕೊಡೆಯ ತುದಿಯನ್ನು ಕಲ್ಲಿಗೆ ಕುಟ್ಟಿದರು. ಅಕ್ಕಪಕ್ಕದ ಕಿಟಕಿಗಳೆಲ್ಲ ಮೆಲ್ಲಗೆ ತೆರೆದುಕೊಂಡವು.

"ಕೇಳು ಅಬು ರಸ್ಮಿ. ನನಗೆ ಅರವತ್ತಮೂರು. ಇಷ್ಟು ವರ್ಷ ಯಾವ ಗಂಡಸಿನ ಕಾಲುಚೀಲಾನೂ ಹುಡುಕದೆ ನೆಮ್ಮದಿಯಾಗಿ ಬದುಕಿದೀನಿ. ಈಗ ನಿನ್ನ ಮಾತ್ರೆ ಡಬ್ಬ ಹುಡುಕೋಕೆ ನಾನು ತಯಾರಿಲ್ಲ. ಉತ್ತರ, ಇಲ್ಲ. ಅರ್ಥ ಆಯ್ತಾ?"

ಅಬು ರಸ್ಮಿಯವರಿಗೆ ಎಷ್ಟು ಸಮಾಧಾನವಾಯಿತೆಂದರೆ ಎರಡೂ ಕೈ ಮೇಲೆತ್ತಿದರು. "ದೇವರು ನಿನಗೆ ಒಳ್ಳೇದು ಮಾಡ್ಲಿ ತಾಯಿ! ನಾನು ನಿನ್ನ ಕೇಳೇ ಇಲ್ಲ. ಕನಸಲ್ಲೂ ನೆನೆಸಿಲ್ಲ!"

ನಜ್ಮಿಯಾ ಅವರ ಹುಬ್ಬು ಮೇಲೇರಿತು. "ಕನಸಲ್ಲೂ ನೆನೆಸಿಲ್ವಾ? ಯಾಕೆ? ನನಗೇನು ಕಮ್ಮಿಯಾಗಿದೆ?"

ಬಿಸಿ ತುಪ್ಪ ಬಾಯಿಗೆ ಬಿದ್ದವನ ಗತಿ ಅಬು ರಸ್ಮಿಯವರದಾಯಿತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕಿಟಕಿಗಳಲ್ಲಿ ಯಾರೋ ಕಿಸಕ್ಕೆಂದರು. ನಜ್ಮಿಯಾ ಕೊಡೆ ಎತ್ತಿದೊಡನೆ ಕಿಟಕಿಗಳು ಮುಚ್ಚಿಕೊಂಡವು. ಆಮೇಲೆ ಆಕೆ ದನಿ ತಗ್ಗಿಸಿದರು.

"ನನ್ನ ವಿಷಯ ಬಿಡು. ನನ್ನಣ್ಣ ನಿನ್ನೆಯಿಂದ ಊಟ ಮುಟ್ಟಿಲ್ಲ. ಆ ಬಟ್ಟಲನ್ನ ತೆಗೆಯೋಕೂ ಬಿಡ್ತಿಲ್ಲ, ಮುಂದೆ ಇಟ್ಕೊಂಡು ಕೂತಿದಾನೆ. 'ಬಾಯಿ ಬಿಟ್ಟು ಕೇಳೋಕಾಗದಷ್ಟು ಪರಕೀಯ ಆಗ್ಬಿಟ್ನಾ ನಾನು ಇವನಿಗೆ' ಅಂತಾನೆ. ಶುಕ್ರವಾರ ಹಾಜಿ ಮುತ್ಲಕ್‌ನ ಕರ್ಕೊಂಡು ನಿಯೋಗ ತರ್ತಾನಂತೆ, ನಿನಗೆ ಏನು ಬೇಕು ಅಂತ ಕೇಳೋಕೆ. ಅವತ್ತೂ ನೀನು ಬೇಳೆ ಸೀಯಿಸಿದ್ರೆ, ಅಬು ರಸ್ಮಿ, ನಿಮ್ಮಿಬ್ಬರ ಕಥೆ ಮುಗೀತು ಅಂತ ತಿಳ್ಕೊ."

ಆಕೆ ಹೋದ ಮೇಲೆ ಅಬು ರಸ್ಮಿ ತಾವ್ಲೆ ಹಲಗೆಯ ಮುಂದೆ ಕೂತರು. ಎಡಗೈ ಆಡಲು ಒಪ್ಪಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿದದ್ದೇ ತಡ, ನಲವತ್ತಮೂರು ಗಂಡಸರು ಮೆಟ್ಟಿಲು ಹತ್ತಿ ಬಂದರು. ನಿಯೋಗಕ್ಕೆ ಜನ ಹೆಚ್ಚಿದಷ್ಟೂ ಗೌರವ ಹೆಚ್ಚು. ದಾರಿಯಲ್ಲಿ ಸಿಕ್ಕ ಗ್ಯಾಸ್ ಸಿಲಿಂಡರು ಮಾರುವವನನ್ನೂ ಸೇರಿಸಿಕೊಂಡಿದ್ದರು. ಅಬು ರಸ್ಮಿಯವರ ಕೋಣೆಯಲ್ಲಿ ಹಿಡಿಸುವುದು ಹನ್ನೆರಡು ಮಂದಿ. ಉಳಿದವರು ಜಗಲಿಯಲ್ಲಿ, ಮೆಟ್ಟಿಲುಗಳ ಮೇಲೆ, ಕೆಳಗಿನ ತಿರುವಿನವರೆಗೆ ಸಾಲಾಗಿ ಕೂತರು. ಹಾಜಿ ಮುತ್ಲಕ್ ಮುಂಚೂಣಿಯಲ್ಲಿ, ಮೈಮೇಲೆ ಜರಿಯಂಚಿನ ನಿಲುವಂಗಿ, ಕಾಲಿನಲ್ಲಿ ಮಗನ ಹಸಿರು ಪಟ್ಟಿಯ ಓಟದ ಬೂಟು. ಅವರದು ಇನ್ನೂ ಅಬು ರಸ್ಮಿಯವರ ಮಂಚದಡಿಯಲ್ಲೇ ಇತ್ತು.

ಆರು ಮನೆಗಳಿಂದ ಬಟ್ಟಲು ಎರವಲು ತಂದು ಉಮ್ಮ್ ಜರೀಸ್ ಕಾಫಿ ಕಾಸಿದ್ದರು. ಎಲ್ಲರ ಕೈಗೂ ಕಾಫಿ ಬಂದ ಮೇಲೆ ಹಾಜಿ ಮುತ್ಲಕ್ ಗಂಟಲು ಸರಿಪಡಿಸಿಕೊಂಡು ಭಾಷಣ ಶುರುಮಾಡಿದರು. ಆದಮನಿಂದ ಹೊರಟು, ಪ್ರಳಯವನ್ನು ದಾಟಿ, ಪ್ರವಾದಿಯ ಮೇಲೆ ಶಾಂತಿ ಕೋರಿ, ನೆರೆಹೊರೆಯ ಹಕ್ಕುಗಳನ್ನು ವಿವರಿಸಿ, ಅರ್ಧ ಗಂಟೆಗೆ ಸರಿಯಾಗಿ ಅದೇ ಮೆಟ್ಟಿಲುಸಾಲಿಗೆ ಬಂದು ಮುಟ್ಟಿದರು.

"ನಮ್ಮದು ಒಂದೇ ಕೋರಿಕೆ ಅಬು ರಸ್ಮಿ. ನಿನ್ನ ಕೋರಿಕೆ ಏನು ಅಂತ ಹೇಳು. ನೀನು ಹೇಳೋವರೆಗೆ ಈ ಮನೇಲಿ ನಾವು ಒಂದು ಹನಿ ಕುಡಿಯಲ್ಲ."

ಹೇಳಿ ಬಟ್ಟಲನ್ನು ನೆಲದ ಮೇಲೆ ಟಕ್ಕೆಂದು ಇಟ್ಟರು. ಕೋಣೆಯವರು ಇಟ್ಟರು, ಜಗಲಿಯವರು ಇಟ್ಟರು. ಟಕ್ ಟಕ್ ಎಂಬ ಸದ್ದು ಮೆಟ್ಟಿಲಿಳಿದು ಹೋಗಿ ಕೊನೆಗೆ ಗ್ಯಾಸಿನವನ ಬಟ್ಟಲಿನ ಸದ್ದಿನೊಂದಿಗೆ ನಿಂತಿತು.

ಜೀವಮಾನವಿಡೀ ಬೂಟುಗಳ ಪಕ್ಕ ಕೂತಿದ್ದ ಮನುಷ್ಯ ಈಗ ನಡುಮಧ್ಯೆ ಕೂತಿದ್ದರು. ಎದುರಿಗೆ ಅಬು ಹಾತಿಮ್, ತಲೆಯೆತ್ತದೆ, ತಮ್ಮ ಬಟ್ಟಲನ್ನೇ ನೋಡುತ್ತ. ಅವರು ಇಳಿದುಹೋಗಿದ್ದಾರೆಂದು ಅಬು ರಸ್ಮಿಯವರಿಗೆ ಕಂಡಿತು. ಇನ್ನು ಮಾನ ಹೋದರೆ ಹೋಗಲಿ ಎನ್ನಿಸಿತು.

"ನನಗೆ ಡಾಕ್ಟರು ಕಾಫಿ ಬೇಡ ಅಂದಿದಾರೆ" ಎಂದರು. "ಒಂದು ಗುಟುಕೂ ಬೇಡ ಅಂದಿದಾರೆ. ಹೃದಯ ಕುಣಿಯುತ್ತಂತೆ. ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಕೆಳಗಿಟ್ಟೆ. ಅಷ್ಟೇ. ಬೇಕಾದ್ರೆ ನಗಿ."

ಯಾರೂ ನಗಲಿಲ್ಲ. ಹಾಜಿ ಮುತ್ಲಕ್ ಮುಂದಕ್ಕೆ ಬಾಗಿ ಕೇಳಿದರು, "ಯಾವ ಡಾಕ್ಟರು? ಔಷಧಿ ಅಂಗಡಿ ಮೇಲೆ ಕೂರ್ತಾನಲ್ಲ, ಬೋಳುತಲೆಯವನು, ಅವನಾ?"

"ಅವರೇ."

ಹಾಜಿಗಳು ಸುತ್ತ ನೋಡಿದರು. ಆಮೇಲೆ ಗೋಡೆ ನೋಡಿಕೊಂಡು ಅಂದರು, "ನನಗೂ ಅವನೇ ಹೇಳಿದ್ದು. ಮೂರು ವರ್ಷ ಆಯ್ತು."

"ಮತ್ತೆ ಹದಿನಾಲ್ಕು ಬಟ್ಟಲು?"

"ಬಾಯಿಗೆ ತಗೊಂಡು ಕರವಸ್ತ್ರಕ್ಕೆ ಬಿಡ್ತೀನಿ" ಎಂದರು ಹಾಜಿ ಮುತ್ಲಕ್, ಸಣ್ಣ ದನಿಯಲ್ಲಿ. ಅವರ ಕರವಸ್ತ್ರಗಳೇಕೆ ಸದಾ ಕಂದು ಬಣ್ಣದವು ಎಂಬ ಹಳೆಯ ಪ್ರಶ್ನೆಗೆ ಸಭೆಗೆ ಉತ್ತರ ಸಿಕ್ಕಿತು.

ಕಟ್ಟೆ ಒಡೆದಂತಾಯಿತು. "ನನಗೆ ರಕ್ತದೊತ್ತಡ," ಎಂದರು ಒಬ್ಬರು. "ನನಗೆ ಹೊಟ್ಟೆ ಹುಣ್ಣು, ಕುಡಿದ್ರೆ ರಾತ್ರಿಯೆಲ್ಲ ಉರಿ," ಎಂದರು ಇನ್ನೊಬ್ಬರು. ಸುದ್ದಿ ಬಾಯಿಂದ ಬಾಯಿಗೆ ಮೆಟ್ಟಿಲಿಳಿಯಿತು, ಕೆಳಗಿನಿಂದ ಕಾಯಿಲೆಗಳು ಮೇಲಕ್ಕೆ ಬಂದವು. ಲೆಕ್ಕ ಹಾಕಿದರೆ ನಿಜವಾಗಿ ಕಾಫಿ ಕುಡಿಯಬಲ್ಲವನು ಗ್ಯಾಸಿನವನೊಬ್ಬನೇ. ವರ್ಷಗಟ್ಟಲೆ ಒಬ್ಬರಿಗೊಬ್ಬರು ಹೆದರಿ ಕಹಿ ನುಂಗಿದ್ದ ಮುದುಕರು ಕಣ್ಣೊರೆಸಿಕೊಂಡು ನಗತೊಡಗಿದರು. ಉಮ್ಮ್ ಜರೀಸ್ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾನು ಬೆಳಿಗ್ಗೆಯಿಂದ ಯಾರಿಗೋಸ್ಕರ ಕಾಸಿದ್ದು? ದಂಡಪಿಂಡಗಳಾ!"

ಅಬು ಹಾತಿಮ್ ಒಬ್ಬರು ಮಾತ್ರ ನಗಲಿಲ್ಲ. ನಗು ಇಳಿಯುವವರೆಗೆ ಕಾದರು.

"ಕಾಫಿ ವಿಷಯ ಮುಗೀತು" ಎಂದರು. "ಆದ್ರೆ ನಾನು ಮೂರು ದಿನದಿಂದ ಬೇರೇನೋ ಅಂದ್ಕೊಂಡಿದ್ದೆ. ಇವನಿಗೆ ನನ್ನಿಂದ ಏನೋ ಬೇಕಾಗಿದೆ ಅಂತ. ಬೇಜಾರೂ ಆಯ್ತು, ನಿಜ ಹೇಳ್ಬೇಕು ಅಂದ್ರೆ ಖುಷೀನೂ ಆಯ್ತು. ಈಗ ನೋಡಿದ್ರೆ ಏನೂ ಬೇಡ. ಸರಿ ಹಾಗಾದ್ರೆ."

ಅವರು ಏಳಲು ನೆಲಕ್ಕೆ ಕೈಯೂರಿದರು.

"ಬೇಕು" ಎಂದರು ಅಬು ರಸ್ಮಿ.

ಅದು ಅವರ ಬಾಯಿಂದ ತಾನಾಗಿ ಬಂದಿತ್ತು. ಬಂದ ಮೇಲೆ ನಿಲ್ಲಿಸಲು ಆಗಲಿಲ್ಲ. "ಬೇಕು ಕಣಯ್ಯಾ. ಎರಡು ವರ್ಷ ಆಯ್ತು ನೀನು ಈ ಮೆಟ್ಟಿಲು ಹತ್ತಿ. ವಸ್ಫಿಯಾ ಹೋದ್ಲು, ದೇವರ ಇಚ್ಛೆ, ಅವಳ ಬಗ್ಗೆ ಯಾರ ಹತ್ರ ಕೇಳೋದು. ಆದ್ರೆ ನೀನು ಸತ್ತಿರಲಿಲ್ಲವಲ್ಲ! ನೀನು ಯಾಕೋ ಬರೋದು ಬಿಟ್ಟೆ? ನಾನು ಒಬ್ನೇ ಎರಡು ಕೈಲಿ ಆಡ್ತೀನಿ. ನೀನು ಮೊದಲಿನ ಹಾಗೆ ಬಾ. ನನಗೆ ಬೇಕಾಗಿರೋದು ಇಷ್ಟೇ."

ನೆಲಕ್ಕೂರಿದ್ದ ಕೈ ಎತ್ತಿ ಅಬು ಹಾತಿಮ್ ಸಿಡಿದರು.

"ಯಾರು ಕರೆದ್ರೋ ನನ್ನ? ಮೂವತ್ತೆಂಟು ವರ್ಷದಲ್ಲಿ ನೀನು ಒಂದೇ ಒಂದು ಸಲ ಬಾ ಅಂದಿದ್ದೀಯಾ? ಆ ಕಿಟಕಿಯಿಂದ ಕರೀತಿದ್ದೋಳು ಅವಳು! 'ಅಬು ಹಾತಿಮ್, ಇವರ ಮುಖ ನೋಡಿ ನೋಡಿ ಸಾಕಾಯ್ತು, ಸ್ವಲ್ಪ ಹೊತ್ತು ನೀವು ನೋಡ್ಕೊಳಿ ಬನ್ನಿ' ಅಂತ. ನಾನು ಅಸರ್ ಆದ ಮೇಲೆ ದಿನಾ ನನ್ನ ಬಾಗಿಲಲ್ಲಿ ಕೂತೇ ಇರ್ತೀನಿ. ಕರೆಯೋ ದನಿ ಬರಲಿಲ್ಲ. ಕರೀದೆ ನಿನ್ನ ದುಃಖದ ಮನೆಗೆ ಹೇಗೋ ನುಗ್ಗಲಿ ನಾನು?"

ಆ ಮೂವತ್ತೆಂಟು ವರ್ಷ ಗೆಳೆಯ ತಾನಾಗಿಯೇ ಬರುತ್ತಿದ್ದಾನೆಂದು ಅಬು ರಸ್ಮಿ ತಿಳಿದಿದ್ದರು, ಸೂರ್ಯ ಬಂದ ಹಾಗೆ. ಕೋಣೆಯಲ್ಲಿದ್ದ ಗಂಡಸರೆಲ್ಲ ಒಮ್ಮೆಲೇ ಚಾವಣಿಯಲ್ಲಿ ಏನೋ ಹುಡುಕತೊಡಗಿದರು. ಹಾಜಿ ಮುತ್ಲಕ್ ಜೇಬಿನಿಂದ ಕಂದು ಕರವಸ್ತ್ರ ತೆಗೆದು ಈ ಸಲ ಬಾಯಿಗಲ್ಲ, ಕಣ್ಣಿಗೆ ಒತ್ತಿಕೊಂಡರು.

"ಕೆಲಸ ಆಯ್ತು," ಎಂದು ಅವರೇ ಘೋಷಿಸಿದರು. "ಎಲ್ಲರೂ ನಿಮ್ಮ ನಿಮ್ಮ ಕಾಫಿ... ಬೇಡ ಬಿಡಿ. ಉಮ್ಮ್ ಜರೀಸ್, ಏನಾದ್ರೂ ಸೊಪ್ಪಿನ ಚಹಾ ಇದ್ರೆ ಕೊಡಮ್ಮಾ."

ಮರುದಿನ ಅಸರ್ ನಮಾಜು ಮುಗಿಸಿ ಬಂದು ಅಬು ರಸ್ಮಿ ಕಿಟಕಿಯ ಬಳಿ ನಿಂತರು. ಮೂವತ್ತನಾಲ್ಕು ವರ್ಷ ಮನೆಮನೆಯ ಬಾಗಿಲಲ್ಲಿ "ಮೀಟರು!" ಎಂದು ಕೂಗಿದ ಗಂಟಲು ಅದು. ಈಗ ನೋಡಿದರೆ ದನಿಯೇ ಹೊರಡಲೊಲ್ಲದು. ಎದುರುಗುಡ್ಡದ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತ ಇವರನ್ನೇ ನೋಡುತ್ತಿದ್ದಳು. ಅವಳು ಒಳಗೆ ಹೋಗುವವರೆಗೆ ಕಾದರು. ವಸ್ಫಿಯಾ ಬಳಸುತ್ತಿದ್ದ ಮಾತುಗಳನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡರು. ತಮ್ಮ ಮುಖ ನೋಡಿ ಸಾಕಾಯಿತೆಂದು ತಾವೇ ಕೂಗುವುದು ಹೇಗೆ? ಕೊನೆಗೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗುಡ್ಡವೆಲ್ಲ ಕೇಳುವಂತೆ ಕೂಗಿದರು.

"ಅಬು ಹಾತಿಮ್! ಬಾರೋ!"

ಕಿಟಕಿಯ ನೇರ ಕೆಳಗೆ ಯಾರೋ ಕೆಮ್ಮಿದರು. ಅಬು ರಸ್ಮಿ ಬಗ್ಗಿ ನೋಡಿದರು. ಅಬು ಹಾತಿಮ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದರು. ಬಂದು ಬಹಳ ಹೊತ್ತಾಗಿರುವಂತೆ ಕಂಡಿತು.

"ಇಲ್ಲೇ ಇದೀಯಲ್ಲೋ! ಎದ್ದು ಬರೋದಲ್ವಾ?"

ಅಬು ಹಾತಿಮ್ ತಿರುಗಿ ನೋಡಲಿಲ್ಲ. ಬಯಲಿನ ಕಡೆಗೇ ಮುಖ ಮಾಡಿಕೊಂಡು, "ಇನ್ನೊಂದು ಸಲ ಕರಿ" ಎಂದರು. "ಅವಳು ಎರಡು ಸಲ ಕರೀತಿದ್ಲು."

ಅಬು ರಸ್ಮಿ ಇನ್ನೊಂದು ಸಲ ಕರೆದರು.